ವೃತ್ತಿಯನ್ನು ಆರಿಸುವ ಬಗೆಯೂ ಬಾಳಿನ ಸುಖವೂ



ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಫಲಿತಾಂಶ ಹೊರಬೀಳುವವರೆಗಿನ ದಿನಗಳಲ್ಲಿ ನಿಮ್ಮಲ್ಲಿ ಪ್ರತಿಯೊಬ್ಬರನ್ನೂ ಹತ್ತಾರು ಮಂದಿ ಕೇಳುವ ಪ್ರಶ್ನೆಯೊಂದುಂಟು: “ಮುಂದೇನು ಮಾಡುತ್ತೀ?” ಊರಿಗೆ ಹೋದರೆ ಅಜ್ಜಿ ಕೇಳುತ್ತಾಳೆ, ಚಾಳಿನ ನೆರೆಯವರು ಕೇಳುತ್ತಾರೆ, ತಂದೆಯೊಡನೆ ದುಡಿಯುವವರು ಕೇಳುತ್ತಾರೆ. ಏನನ್ನು ಆರಿಸುವಿ ಎಂದು ಎಲ್ಲರೂ ಕೇಳುವರೇ ಹೊರತು, ಹೇಗೆ ಆರಿಸುವಿ ಎಂದು ಕೇಳುವವರು ವಿರಳ. ಈ ಲೇಖನದ ವಿಷಯವು ಆ ಎರಡನೆಯ ಪ್ರಶ್ನೆಯೇ ಆಗಿದೆ. ಏಕೆಂದರೆ, ಒಂದು ವೃತ್ತಿಯು ನಮಗೆ ಸುಖವನ್ನು ಕೊಡುವುದೋ ಇಲ್ಲವೋ ಎಂಬುದು ಆ ವೃತ್ತಿಯ ಸ್ವರೂಪವನ್ನು ಮಾತ್ರ ಅವಲಂಬಿಸಿಲ್ಲ. ಅದನ್ನು ನಾವು ಕೈಗೊಂಡ ರೀತಿಯನ್ನೂ ಬಹುಮಟ್ಟಿಗೆ ಅವಲಂಬಿಸಿದೆ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ದಿನಕ್ಕೆ ೮ ಗಂಟೆಯಂತೆ, ವರ್ಷಕ್ಕೆ ೩೦೦ ದಿನ, ೩೫ ವರ್ಷಗಳ ಕಾಲ ಒಬ್ಬನು ದುಡಿದನೆನ್ನೋಣ. ಒಟ್ಟು ೮೪,೦೦೦ ಗಂಟೆಗಳಾದುವು. ಮುಂಬಯಿಯಂತಹ ನಗರದಲ್ಲಿ ಲೋಕಲ್ ರೈಲಿನ ಪ್ರಯಾಣವು ಬೇರೆ. ಇಷ್ಟು ದೀರ್ಘ ಕಾಲವನ್ನು ನುಂಗುವ ಒಂದು ನಿರ್ಧಾರವನ್ನು ನಮ್ಮಲ್ಲಿ ಹಲವರು, ಹಬ್ಬದ ಅಂಗಿಯನ್ನು ಕೊಳ್ಳಲು ವ್ಯಯಿಸುವಷ್ಟು ಸಮಯವನ್ನೂ ಕೊಡದೆ ಕೈಗೊಳ್ಳುತ್ತಾರೆ. ಇದು ಶೋಚನೀಯವಾದ ಸಂಗತಿಯೇ ಸರಿ.

೧. ಆಯ್ಕೆಯ ನಾಲ್ಕು ಬಗೆಗಳು

ಜನರು ವೃತ್ತಿಯನ್ನು ಆರಿಸಿಕೊಳ್ಳುವ ರೀತಿಯನ್ನು ಗಮನಿಸಿದರೆ ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳು ಕಾಣುತ್ತವೆ. ಮೊದಲನೆಯದು ಅನುಕರಣ. ಗೆಳೆಯನು ವಿಜ್ಞಾನ ಶಾಖೆಗೆ ಅರ್ಜಿ ತುಂಬಿದನೆಂದು ತಾನೂ ತುಂಬುವುದು. ಎರಡನೆಯದು ಆಜ್ಞಾಪಾಲನ. ಮನೆಯವರು ಹೇಳಿದರೆಂಬ ಒಂದೇ ಕಾರಣಕ್ಕೆ, ತನ್ನ ಮನಸ್ಸನ್ನು ಕೇಳದೆ, ಮನೆಯವರನ್ನೂ ಪ್ರಶ್ನಿಸದೆ ತಲೆಬಾಗುವುದು. ಮೂರನೆಯದು ಮುಗಿಯದ ಹುಡುಕಾಟ. ಎಲ್ಲಕ್ಕಿಂತಲೂ ಉತ್ತಮವಾದುದು ದೊರೆಯುವ ತನಕ ಹೋಲಿಸುತ್ತಲೇ ಇರುವುದು. ನಾಲ್ಕನೆಯದು ವಿವೇಚನೆ. ತನ್ನನ್ನೂ ಕೆಲಸವನ್ನೂ ಅರಿತು, ಎರಡನ್ನೂ ತಾಳೆನೋಡಿ ನಿರ್ಧರಿಸುವುದು.

ಈ ನಾಲ್ಕನೆಯ ದಾರಿಯನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಎಂಬಾತನು ಮೊದಲಿಗನು. ೧೯೦೮ರಲ್ಲಿ ಆತನು ಬಾಸ್ಟನ್ ನಗರದಲ್ಲಿ ತರುಣರಿಗೆ ವೃತ್ತಿಯ ವಿಷಯದಲ್ಲಿ ಸಲಹೆ ನೀಡುವ ಕಚೇರಿಯೊಂದನ್ನು ತೆರೆದನು. ಅದೇ ವರ್ಷ ಆತನು ತೀರಿಕೊಂಡನು. ಆತನ ಗ್ರಂಥವು ಮರುವರ್ಷ ೧೯೦೯ರಲ್ಲಿ ಪ್ರಕಟವಾಯಿತು. ಆತನ ಉಪದೇಶದ ತಿರುಳು ಮೂರು ಮಾತುಗಳಲ್ಲಿದೆ. ತನ್ನ ಶಕ್ತಿ, ಅಭಿರುಚಿ, ಮಿತಿಗಳನ್ನು ತಾನು ತಿಳಿಯಬೇಕು. ಕೆಲಸದ ಷರತ್ತು, ಕಷ್ಟ, ಪ್ರತಿಫಲಗಳನ್ನು ತಿಳಿಯಬೇಕು. ಅನಂತರ ಇವೆರಡರ ಸಂಬಂಧವನ್ನು ಶಾಂತಚಿತ್ತದಿಂದ ಯೋಚಿಸಬೇಕು. ಕೇಳುವುದಕ್ಕೆ ಇದು ಸುಲಭ. ಆದರೆ ನಮ್ಮಲ್ಲಿ ಅನೇಕರು ಮೊದಲನೆಯ ಮೆಟ್ಟಲನ್ನೂ ಎರಡನೆಯ ಮೆಟ್ಟಲನ್ನೂ ಹತ್ತದೆ ನೇರವಾಗಿ ಮೂರನೆಯದಕ್ಕೆ ಹಾರಲು ಯತ್ನಿಸುತ್ತಾರೆ.

೨. ಮೇಣದಬತ್ತಿ ಮಾಡುವವನ ಮಗ

ಪಾರ್ಸನ್ಸನಿಗಿಂತ ಸುಮಾರು ಇನ್ನೂರು ವರ್ಷಗಳ ಹಿಂದೆ, ಅದೇ ಬಾಸ್ಟನ್ ನಗರದಲ್ಲಿ, ಮೇಣದಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುತ್ತಿದ್ದ ಒಬ್ಬ ಗೃಹಸ್ಥನು ಈ ಮಾರ್ಗವನ್ನು ತನ್ನ ಸ್ವಂತ ಬುದ್ಧಿಯಿಂದಲೇ ಕಂಡುಕೊಂಡಿದ್ದನು. ಅವನ ಹೆಸರು ಜೋಸಾಯ ಫ್ರಾಂಕ್ಲಿನ್. ೧೭೦೬ರಲ್ಲಿ ಹುಟ್ಟಿದ ಅವನ ಮಗ ಬೆಂಜಮಿನ್ನನನ್ನು ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಡಿಸಿ ಅಂಗಡಿಯ ಕೆಲಸಕ್ಕೆ ಹಚ್ಚಲಾಯಿತು. ಬತ್ತಿಗಳನ್ನು ಕತ್ತರಿಸುವುದು, ಅಚ್ಚಿಗೆ ಕೊಬ್ಬು ಹೊಯ್ಯುವುದು, ಅಂಗಡಿಯನ್ನು ಕಾಯುವುದು, ಇವು ಹುಡುಗನಿಗೆ ಸ್ವಲ್ಪವೂ ರುಚಿಸಲಿಲ್ಲ. ಅವನ ಮನಸ್ಸು ಸಮುದ್ರದ ಕಡೆಗೆ ಎಳೆಯುತ್ತಿತ್ತು. ಹಿರಿಯ ಮಗನೊಬ್ಬನು ಆಗಲೇ ಮನೆ ಬಿಟ್ಟು ಹಡಗು ಸೇರಿದ್ದುದರಿಂದ ತಂದೆಗೆ ಭಯವಾಯಿತು.

ಆಗ ಅವನು ಮಾಡಿದ್ದೇನು? ಮಗನನ್ನು ಗದರಿಸಲಿಲ್ಲ. ಅವನನ್ನು ಜೊತೆಗೆ ಕರೆದುಕೊಂಡು ಪೇಟೆಯಲ್ಲಿ ಸುತ್ತಾಡಿದನು. ಬಡಗಿಗಳು, ಇಟ್ಟಿಗೆಯ ಕೆಲಸದವರು, ತಿರುಗಣಿಯ ಮೇಲೆ ಮರವನ್ನು ಕಡೆಯುವವರು, ಹಿತ್ತಾಳೆಯ ಕೆಲಸದವರು, ಇವರೆಲ್ಲ ದುಡಿಯುವುದನ್ನು ಮಗನಿಗೆ ತೋರಿಸುತ್ತ, ಮಗನ ಒಲವು ಯಾವ ಕಡೆಗಿದೆಯೆಂಬುದನ್ನು ತಾನು ಗಮನಿಸಿದನು. ಕಡೆಗೆ, ಹುಡುಗನಿಗೆ ಪುಸ್ತಕಗಳಲ್ಲಿದ್ದ ಪ್ರೀತಿಯನ್ನು ಕಂಡು, ಮುದ್ರಣಾಲಯವನ್ನು ನಡೆಸುತ್ತಿದ್ದ ಅಣ್ಣ ಜೇಮ್ಸನ ಬಳಿ ಹನ್ನೆರಡನೆಯ ವಯಸ್ಸಿನಲ್ಲಿ ಕೆಲಸ ಕಲಿಯಲು ಸೇರಿಸಿದನು. ಅಣ್ಣನ ಸ್ವಭಾವವು ಕಠಿನವಾಗಿತ್ತು. ೧೭೨೩ರಲ್ಲಿ ತಮ್ಮನು ಅಲ್ಲಿಂದ ಓಡಿಹೋದನು. ಆದರೆ ಓಡಿಹೋದದ್ದು ಯಜಮಾನನನ್ನು ಬಿಟ್ಟು, ಕಸುಬನ್ನು ಬಿಟ್ಟಲ್ಲ. ಮುಂದೆ ಆತನು ವಿಜ್ಞಾನಿಯಾಗಿ, ರಾಯಭಾರಿಯಾಗಿ ಲೋಕವಿಖ್ಯಾತನಾದನು. ಹೀಗಿದ್ದರೂ ತನ್ನ ಮರಣಶಾಸನವನ್ನು ಬರೆಯಿಸುವಾಗ ತನ್ನ ಹೆಸರಿನ ಮುಂದೆ ಮೊದಲು ಹಾಕಿಕೊಂಡದ್ದು ‘ಮುದ್ರಕ’ ಎಂಬ ಪದವನ್ನು. ಪದವಿಗಳೆಲ್ಲ ಅದರ ಹಿಂದೆ ಬಂದುವು.

ಆ ತಂದೆಯ ಉಪಾಯದಲ್ಲಿ ಎರಡು ಗುಣಗಳಿವೆ. ಅವನು ಕೆಲಸಗಳನ್ನು ಕುರಿತು ಮಾತನಾಡಲಿಲ್ಲ, ಅವು ನಡೆಯುವುದನ್ನು ಕಣ್ಣಾರೆ ತೋರಿಸಿದನು. ಮಗನ ಬಾಯಿಮಾತನ್ನು ಮಾತ್ರ ನಂಬಲಿಲ್ಲ, ಅವನ ಕಣ್ಣು ಎಲ್ಲಿ ನಿಲ್ಲುತ್ತದೆಂಬುದನ್ನೂ ನೋಡಿದನು.

೩. ಅತ್ಯುತ್ತಮವೇ ಬೇಕೆನ್ನುವವರ ಪಾಡು

ಈಗ ಮೂರನೆಯ ಬಗೆಯನ್ನು ವಿಚಾರಿಸೋಣ. ಅರ್ಥಶಾಸ್ತ್ರದಲ್ಲಿ ೧೯೭೮ರ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸನು, ಮನುಷ್ಯನು ಎಲ್ಲ ದಾರಿಗಳನ್ನೂ ಅಳೆದು ನೋಡಿ ಅತ್ಯುತ್ತಮವಾದುದನ್ನು ಆರಿಸಲು ಶಕ್ತನಲ್ಲನೆಂದೂ, ತನಗೆ ಬೇಕಾದಷ್ಟು ಒಳ್ಳೆಯದು ಸಿಕ್ಕಿದಾಗ ಹುಡುಕಾಟವನ್ನು ನಿಲ್ಲಿಸುವುದೇ ಅವನ ಸಹಜ ರೀತಿಯೆಂದೂ ತೋರಿಸಿದನು. ಈ ವಿಚಾರವನ್ನು ಆಧರಿಸಿ, ಅಮೆರಿಕದ ೧೧ ಕಾಲೇಜುಗಳಲ್ಲಿ ಪದವಿಯ ಕಡೆಯ ವರ್ಷದಲ್ಲಿದ್ದು ಉದ್ಯೋಗವನ್ನು ಅರಸುತ್ತಿದ್ದ ವಿದ್ಯಾರ್ಥಿಗಳನ್ನು ಮೂವರು ಸಂಶೋಧಕರು ಪರಿಶೀಲಿಸಿ ೨೦೦೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು.

ಅವರು ಕಂಡುದು ಇದು. ಎಲ್ಲಕ್ಕಿಂತ ಉತ್ತಮವಾದುದೇ ಬೇಕೆಂದು ಹುಡುಕಿದವರಿಗೆ ಇತರರಿಗಿಂತ ಸುಮಾರು ನೂರಕ್ಕೆ ೨೦ರಷ್ಟು ಹೆಚ್ಚಿನ ಸಂಬಳದ ಕೆಲಸಗಳೇ ದೊರೆತಿದ್ದುವು. ಆದರೆ ತಮಗೆ ದೊರೆತ ಕೆಲಸದಲ್ಲಿ ಅವರಿಗಿದ್ದ ತೃಪ್ತಿಯು ಇತರರಿಗಿಂತ ಕಡಿಮೆಯಾಗಿತ್ತು. ಹುಡುಕುವ ಕಾಲದಲ್ಲಿ ಅವರು ಹೆಚ್ಚು ಆತಂಕಪಟ್ಟಿದ್ದರು, ಹೆಚ್ಚು ದಣಿದಿದ್ದರು. ಕಾರಣವು ಸ್ಪಷ್ಟವಾಗಿದೆ. ಅವರ ಕಣ್ಣು ಕೈಗೆ ಬಂದ ಹಣ್ಣಿನ ಮೇಲಿರಲಿಲ್ಲ. ಬುಟ್ಟಿಯಲ್ಲಿ ಉಳಿದ ಹಣ್ಣಿನ ಮೇಲಿತ್ತು. ಪಕ್ಕದವನಿಗೆ ಏನು ಸಿಕ್ಕಿತೆಂದು ನೋಡುವುದರಲ್ಲಿಯೇ ಅವರ ನೆಮ್ಮದಿಯು ಕರಗಿತು.

ಹಾಗೆಂದ ಮಾತ್ರಕ್ಕೆ, ಸಿಕ್ಕಿದ ಮೊದಲ ಕೆಲಸವನ್ನೇ ಕಣ್ಣುಮುಚ್ಚಿ ಹಿಡಿಯಿರಿ ಎಂದು ಯಾರೂ ಅರ್ಥಮಾಡಬಾರದು. ‘ನನಗೆ ಇಷ್ಟಿದ್ದರೆ ಸಾಕು’ ಎಂಬ ಅಳತೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆ ಅಳತೆಗೆ ಸರಿಯಾದುದು ದೊರೆತಾಗ ನಿಲ್ಲಬೇಕು. ಅಳತೆಯಿಲ್ಲದವನಿಗೆ ಎಷ್ಟು ದೊರೆತರೂ ಕೊರತೆಯೇ.

೪. ಹಿರಿಯರ ಮಾತೂ ನಮ್ಮ ಮನಸ್ಸೂ

“ಮನೆಯವರ ಮಾತನ್ನು ಕೇಳಬೇಕೋ, ನಮ್ಮ ಮನಸ್ಸಿನ ಮಾತನ್ನು ಕೇಳಬೇಕೋ?” ಎಂದು ವಿದ್ಯಾರ್ಥಿಗಳು ಅನೇಕ ಸಲ ನನ್ನನ್ನು ಕೇಳುವುದುಂಟು. ಸ್ವಂತ ಆಯ್ಕೆಯೇ ಯಾವಾಗಲೂ ಸುಖಕರವೆಂದು ಕೆಲವರು ಹೇಳುತ್ತಾರೆ. ವಿಷಯವು ಅಷ್ಟು ಸರಳವಲ್ಲ. ೧೯೯೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಮೆರಿಕದಲ್ಲಿದ್ದ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಜೋಡಿಸುವ ಒಗಟುಗಳನ್ನು ಕೊಡಲಾಯಿತು. ಐರೋಪ್ಯ ಮೂಲದ ಮಕ್ಕಳು ತಾವೇ ಆರಿಸಿದ ಒಗಟುಗಳನ್ನು ಹೆಚ್ಚು ಆಸಕ್ತಿಯಿಂದ ಬಿಡಿಸಿದರು. ಚೀನೀ, ಜಪಾನೀ ಮೂಲದ ಮಕ್ಕಳಾದರೋ ತಾಯಿಯು ಆರಿಸಿದಳೆಂದು ಹೇಳಿದ ಒಗಟುಗಳನ್ನೇ ಹೆಚ್ಚು ಉತ್ಸಾಹದಿಂದ ಬಿಡಿಸಿದರು. ಆದರೆ ಪರಿಚಯವಿಲ್ಲದವರು ಆರಿಸಿ ಹೇರಿದ ಒಗಟುಗಳು ಇಬ್ಬರಿಗೂ ಹಿಡಿಸಲಿಲ್ಲ. ಪ್ರೀತಿಯೂ ವಿಶ್ವಾಸವೂ ಇದ್ದಲ್ಲಿ ಹಿರಿಯರ ಆಯ್ಕೆಯು ನಮ್ಮ ಆಯ್ಕೆಯೇ ಆಗಬಲ್ಲುದು ಎಂದಾಯಿತು.

ಮತಭೇದವು ಬಂದಾಗ ಏನು ಮಾಡಬೇಕು? ಚಾರ್ಲ್ಸ್ ಡಾರ್ವಿನ್ನನ ಕಥೆಯು ಇಲ್ಲಿ ದಾರಿ ತೋರುತ್ತದೆ. ವೈದ್ಯನಾದ ತಂದೆಯು ಅವನನ್ನು ೧೮೨೫ರಲ್ಲಿ ವೈದ್ಯಶಾಸ್ತ್ರ ಓದಲು ಎಡಿನ್‌ಬರೋ ನಗರಕ್ಕೆ ಕಳುಹಿಸಿದನು. ಶಸ್ತ್ರಚಿಕಿತ್ಸೆಯ ದೃಶ್ಯವನ್ನು ಹುಡುಗನಿಂದ ನೋಡಲಾಗಲಿಲ್ಲ. ಅನಂತರ ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದನು. ೧೮೩೧ರಲ್ಲಿ ‘ಬೀಗಲ್’ ಹಡಗಿನಲ್ಲಿ ಪ್ರಪಂಚವನ್ನು ಸುತ್ತುವ ಅವಕಾಶ ಬಂದಾಗ ತಂದೆಯು ಒಪ್ಪಲಿಲ್ಲ. ಆದರೆ ಬುದ್ಧಿವಂತನಾದ ಒಬ್ಬನಾದರೂ ಹೋಗೆಂದು ಹೇಳಿದರೆ ಒಪ್ಪುವೆನೆಂದನು. ಮಗನು ಹಟಮಾಡಲಿಲ್ಲ, ಮನೆ ಬಿಟ್ಟು ಓಡಲಿಲ್ಲ. ಸೋದರಮಾವನ ಬಳಿಗೆ ಹೋಗಿ, ತಂದೆಯ ಆಕ್ಷೇಪಗಳನ್ನು ಒಂದೊಂದಾಗಿ ಕಾಗದದ ಮೇಲೆ ಪಟ್ಟಿಮಾಡಿದನು. ಅವು ಎಂಟಿದ್ದುವು. ಮಾವನು ಒಂದೊಂದಕ್ಕೂ ಉತ್ತರ ಬರೆದನು. ತಂದೆಯು ಓದಿ ಒಪ್ಪಿದನು; ಖರ್ಚನ್ನೂ ಕೊಟ್ಟನು. ಆ ಪ್ರಯಾಣವಿಲ್ಲದಿದ್ದರೆ ಜೀವವಿಕಾಸವಾದದ ಡಾರ್ವಿನ್ ನಮಗೆ ದೊರೆಯುತ್ತಿದ್ದನೇ ಎಂಬುದು ಸಂದೇಹ.

ನಿಮ್ಮ ಮನೆಯಲ್ಲಿಯೂ ಇಂತಹ ಮಾವನೋ ದೊಡ್ಡಪ್ಪನೋ ಅತ್ತೆಯೋ ಇರುವುದುಂಟು. ಇಲ್ಲವಾದರೆ ನಿಮ್ಮ ಗುರುಗಳಿದ್ದಾರೆ. ತಂದೆತಾಯಿಗಳ ಅಂಜಿಕೆ ಏನೆಂಬುದನ್ನು ಮೊದಲು ಕೇಳಿ ತಿಳಿಯಿರಿ. ಅಂಜಿಕೆಗೆ ಉತ್ತರ ದೊರೆತರೆ ವಿರೋಧವು ತಾನಾಗಿ ಸಡಿಲವಾಗುತ್ತದೆ.

೫. ಸಂಸಾರದ ಭಾರವೂ ಮನಸ್ಸಿನ ಒಲವೂ

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹಲವರ ಮನೆಯಲ್ಲಿ ಬಹುಕಾಲ ಓದಿಸುವ ಅನುಕೂಲವಿಲ್ಲ. ‘ಇಷ್ಟವಾದುದನ್ನು ಮಾಡು’ ಎಂಬ ಉಪದೇಶವು ಅಂಥವರ ಕಿವಿಗೆ ಹಾಸ್ಯದಂತೆ ಕೇಳಬಹುದು. ಆದುದರಿಂದ, ಹೊಟ್ಟೆಯ ಪಾಡನ್ನೂ ಮನಸ್ಸಿನ ಒಲವನ್ನೂ ಜೊತೆಜೊತೆಯಾಗಿ ನಡೆಸಿದವರ ಬಾಳು ನಮಗೆ ಹೆಚ್ಚು ಹತ್ತಿರವಾದುದು.

ಸರ್ ಸಿ. ವಿ. ರಾಮನ್ನರು ೧೯೦೭ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಜೀವಿಸುವ ಅವಕಾಶವು ನಮ್ಮ ದೇಶದಲ್ಲಿ ಇಲ್ಲವೆಂಬಷ್ಟು ವಿರಳವಾಗಿತ್ತು. ಆದರೆ ಅವರು ವಿಜ್ಞಾನವನ್ನು ಕೈಬಿಡಲಿಲ್ಲ. ಬೌಬಜಾರ್ ಬೀದಿಯಲ್ಲಿದ್ದ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆಯೂ ಕಚೇರಿ ಮುಗಿದ ಬಳಿಕ ರಾತ್ರಿಯವರೆಗೂ ದುಡಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗಲೂ ಅಭ್ಯಾಸವನ್ನು ನಿಲ್ಲಿಸಲಿಲ್ಲ. ಹೀಗೆ ಹತ್ತು ವರ್ಷಗಳು ಸಂದ ಮೇಲೆ, ೧೯೧೭ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿಯು ದೊರೆತಾಗ, ಸಂಬಳವು ಕಡಿಮೆಯಾದರೂ ಅದನ್ನು ಸ್ವೀಕರಿಸಿದರು. ೧೯೨೮ರಲ್ಲಿ ‘ರಾಮನ್ ಪರಿಣಾಮ’ದ ಶೋಧವೂ ೧೯೩೦ರಲ್ಲಿ ನೊಬೆಲ್ ಪಾರಿತೋಷಕವೂ ಬಂದುವು. ೧೯೩೩ರಲ್ಲಿ ಬೆಂಗಳೂರಿಗೆ ಬಂದು ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲಸಿದರು. ಹೆಚ್ಚಿನ ಸಂಬಳವನ್ನು ಅವರು ಬಿಟ್ಟದ್ದು ಒಂದು ದಿನದ ಆವೇಶದಿಂದಲ್ಲ. ತಮ್ಮ ಒಲವು ಗಟ್ಟಿಯಾದುದೆಂದು ಹತ್ತು ವರ್ಷ ಪರೀಕ್ಷಿಸಿದ ಮೇಲೆ ಬಿಟ್ಟರು.

ನಮ್ಮ ಮುಂಬಯಿಯ ಕನ್ನಡಿಗರೇ ಆಗಿದ್ದ ಯಶವಂತ ಚಿತ್ತಾಲರ ದಾರಿಯು ಬೇರೆ. ೧೯೨೮ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಜನಿಸಿದ ಅವರು ರಸಾಯನ ತಂತ್ರಶಾಸ್ತ್ರವನ್ನು ಓದಿ, ಇದೇ ನಗರದಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ಉನ್ನತ ಹುದ್ದೆಗೇರಿದರು. ಜೊತೆಯಲ್ಲಿಯೇ ಕನ್ನಡದ ಶ್ರೇಷ್ಠ ಕಥೆಗಾರರಾದರು. ಅವರು ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ೧೯೭೯ರಲ್ಲಿ ಪ್ರಕಟವಾದ ಅವರ ‘ಶಿಕಾರಿ’ ಕಾದಂಬರಿಯಲ್ಲಿ ಕಾಣುವ ಉದ್ಯಮಜಗತ್ತು ಅವರು ಒಳಗಿನಿಂದ ಅರಿತ ಜಗತ್ತೇ ಆಗಿದೆ. ಇನ್ನು, ದಕ್ಷಿಣ ಕನ್ನಡದಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಹುಡುಗರ ಸಂಖ್ಯೆಯು ಅಲ್ಪವಲ್ಲ.

ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗನ ವಿಷಯವನ್ನೂ ಹೇಳುವೆನು. ‘ಕಂಪ್ಯೂಟರ್ ಎಂಜಿನಿಯರ್ ಆಗುತ್ತೇನೆ ಸರ್’ ಎಂದು ಅವನು ಹೇಳುತ್ತಿದ್ದನು. “ಅವರು ದಿನವೆಲ್ಲ ಕುಳಿತು ಏನು ಮಾಡುತ್ತಾರಪ್ಪಾ?” ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಕಂಡಿತ್ತು, ಅಷ್ಟೆ. ಆದರೆ ತರಗತಿಯ ಫ್ಯಾನು ಕೆಟ್ಟಾಗ, ನೆರೆಮನೆಯ ಮಿಕ್ಸರ್ ನಿಂತಾಗ, ಮೊದಲು ಓಡುತ್ತಿದ್ದವನು ಅವನೇ. ಮನೆಯಲ್ಲಿ ತಂದೆಯು ಕಾಯಿಲೆ ಬಿದ್ದಿದ್ದನು. ಮಗನು ಬೇಗ ಸಂಪಾದಿಸಲೆಂದು ತಾಯಿಯು ಕಾಯುತ್ತಿದ್ದಳು. ಒಂದು ಶನಿವಾರ ಅವನನ್ನೂ ತಾಯಿಯನ್ನೂ ಐ.ಟಿ.ಐ.ಯ ವಿದ್ಯುತ್ ಕಾರ್ಯಶಾಲೆಯನ್ನು ನೋಡಲು ಕರೆದೊಯ್ದೆವು. ಒಂದು ಗಂಟೆಯ ಕಾಲ ಆ ಹುಡುಗನು ಮಾತನ್ನೇ ಆಡಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೋಟಾರುಗಳನ್ನು ನೋಡುತ್ತ ನಿಂತುಬಿಟ್ಟನು. ತಾಯಿಯು ನನ್ನ ಕಡೆಗೆ ತಿರುಗಿ, “ಎರಡು ವರ್ಷ ಅಲ್ಲವಾ ಸರ್? ತಡೀತೀನಿ” ಎಂದಳು. ಈಗ ಅವನು ಅಲ್ಲಿಯೇ ಎರಡನೆಯ ವರ್ಷದಲ್ಲಿದ್ದಾನೆ. ಅವನು ಮುಂದೆ ಎಲ್ಲಿಗೆ ಮುಟ್ಟುವನೆಂದು ನಾನು ಹೇಳಲಾರೆ. ಆದರೆ ಅವನು ಹೊರಟ ದಾರಿಯನ್ನು ಕಣ್ಣಾರೆ ಕಂಡು ಹೊರಟಿದ್ದಾನೆ.

೬. ಆರಿಸಿದ ಮೇಲೆ

ಆಯ್ಕೆಯು ಮುಗಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ೨೦೦೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ತೆಗೆದ ಎರಡು ಛಾಯಾಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕಾಗಿತ್ತು. ಕೆಲವರಿಗೆ ಅದೇ ಕಡೆಯ ನಿರ್ಧಾರವೆಂದೂ, ಕೆಲವರಿಗೆ ಕೆಲವು ದಿನಗಳೊಳಗೆ ಬದಲಾಯಿಸಬಹುದೆಂದೂ ತಿಳಿಸಲಾಯಿತು. ಬದಲಾಯಿಸುವ ಅವಕಾಶವಿಲ್ಲದವರೇ ತಮ್ಮ ಚಿತ್ರವನ್ನು ಹೆಚ್ಚು ಮೆಚ್ಚಿಕೊಂಡರು. ‘ಅದನ್ನೇ ತೆಗೆದುಕೊಳ್ಳಬೇಕಾಗಿತ್ತೋ ಏನೋ’ ಎಂಬ ತುಯ್ದಾಟವು ಸುಖಕ್ಕೆ ಶತ್ರುವೆಂದು ಇದರಿಂದ ತಿಳಿಯುತ್ತದೆ. ರಾಮನ್ನರಂತೆ ಕಾಲ ಬಂದಾಗ ದಾರಿಯನ್ನು ಬದಲಿಸುವುದು ತಪ್ಪಲ್ಲ. ಆದರೆ ಪ್ರತಿದಿನವೂ ಹೊಸ್ತಿಲ ಮೇಲೆ ನಿಂತವನು ಒಳಗೂ ಇಲ್ಲ, ಹೊರಗೂ ಇಲ್ಲ.

ಅದೇ ಬಗೆಯಾಗಿ, ಒಂದೇ ಕೆಲಸವನ್ನು ಮಾಡುವವರಲ್ಲಿಯೂ ಕೆಲವರು ಅದನ್ನು ಸಂಬಳದ ದುಡಿಮೆಯೆಂದೂ, ಕೆಲವರು ಮೇಲೇರುವ ಮೆಟ್ಟಲೆಂದೂ, ಇನ್ನು ಕೆಲವರು ತಮ್ಮ ಬಾಳಿನ ಅರ್ಥವೇ ಅದೆಂದೂ ಭಾವಿಸುತ್ತಾರೆಂದು ೧೯೯೭ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕಚೇರಿಯ ಸಹಾಯಕಿಯರ ಒಂದು ಚಿಕ್ಕ ಗುಂಪಿನಲ್ಲಿಯೂ ಈ ಮೂರು ಬಗೆಯವರು ಹೆಚ್ಚುಕಡಿಮೆ ಸಮನಾಗಿ ಇದ್ದರು. ಮೂರನೆಯ ಬಗೆಯವರಲ್ಲಿ ತೃಪ್ತಿಯು ಅಧಿಕವಾಗಿತ್ತು. ಕನ್ನಡಿಗರಾದ ನಮಗೆ ಇದು ಹೊಸ ಮಾತೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಇದನ್ನೇ ‘ಕಾಯಕ’ವೆಂದು ಕರೆದರು. ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಯ್ಯನೂ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನೂ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನೂ ಅನುಭವಿಗಳ ಸಾಲಿನಲ್ಲಿ ಸಮಾನರಾಗಿ ಕುಳಿತವರು.

೭. ಉಪಸಂಹಾರ

ಇಷ್ಟರಿಂದ ತಿಳಿಯಬೇಕಾದುದನ್ನು ಸಂಕ್ಷೇಪವಾಗಿ ಹೇಳುವೆನು. ನಿಮ್ಮ ಕೈಯೂ ಕಣ್ಣೂ ತಾವಾಗಿ ಯಾವ ಕಡೆಗೆ ಓಡುವುವೆಂಬುದನ್ನು ಗಮನಿಸಿರಿ. ಬಯಸಿದ ಕೆಲಸವನ್ನು ಮಾಡುತ್ತಿರುವ ಒಬ್ಬರನ್ನಾದರೂ ಕಂಡು, ಅವರ ಒಂದು ಸಾಮಾನ್ಯ ದಿನವು ಹೇಗಿರುವುದೆಂದು ಕೇಳಿರಿ. ಕಲೆ, ವಾಣಿಜ್ಯ, ವಿಜ್ಞಾನವೆಂಬ ಮೂರು ಶಾಖೆಗಳಲ್ಲದೆ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ ಡಿಪ್ಲೊಮಾಗಳೂ ಹತ್ತನೆಯ ತರಗತಿಯ ಮುಂದೆ ಇವೆಯೆಂಬುದನ್ನು ಮರೆಯಬೇಡಿರಿ. ಡಿಪ್ಲೊಮಾ ಮುಗಿಸಿದವರಿಗೆ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು. ಕನ್ನಡ ಮಾಧ್ಯಮದಿಂದ ಕಾಲೇಜಿಗೆ ಹೋದಾಗ ಇಂಗ್ಲಿಷಿನ ತೊಡಕು ಕೆಲವು ತಿಂಗಳು ಕಾಡಬಹುದು. ಆ ತೊಡಕನ್ನು ನಿಮ್ಮ ಯೋಗ್ಯತೆಯ ಅಳತೆಯೆಂದು ತಿಳಿದು, ಇಷ್ಟವಾದ ವಿಷಯವನ್ನು ಬಿಟ್ಟುಕೊಡಬೇಡಿರಿ. ಮನೆಯವರೊಡನೆ ಕುಳಿತು ಮಾತನಾಡಿರಿ. ನಿರ್ಧರಿಸಿದ ಮೇಲೆ ಮನಸ್ಸಿಟ್ಟು ದುಡಿಯಿರಿ.

ಮುಂದಿನ ಸಲ ಯಾರಾದರೂ “ಮುಂದೇನು ಮಾಡುತ್ತೀ?” ಎಂದು ಕೇಳಿದರೆ, “ನೋಡಿ ಬರುತ್ತಿದ್ದೇನೆ, ನೋಡಿದ ಮೇಲೆ ಹೇಳುತ್ತೇನೆ” ಎನ್ನಲು ನಾಚಬೇಕಾಗಿಲ್ಲ.

ಅಭ್ಯಾಸ

(೧) ಪಾರ್ಸನ್ಸನು ಹೇಳಿದ ಮೂರು ಮೆಟ್ಟಲುಗಳು ಯಾವುವು? ಅವುಗಳಲ್ಲಿ ನೀವು ಯಾವುದನ್ನು ಇನ್ನೂ ಹತ್ತಿಲ್ಲ?
(೨) ಹೆಚ್ಚಿನ ಸಂಬಳ ದೊರೆತವರಿಗೂ ತೃಪ್ತಿಯು ಕಡಿಮೆಯಾದುದಕ್ಕೆ ಕಾರಣವೇನು?
(೩) ನೀವು ಬಯಸುವ ವೃತ್ತಿಗೆ ನಿಮ್ಮ ಮನೆಯವರು ಹೇಳಬಹುದಾದ ಆಕ್ಷೇಪಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಪ್ರಾಮಾಣಿಕವಾದ ಉತ್ತರವನ್ನು ಬರೆಯಿರಿ.
(೪) ನಿಮ್ಮ ತಂದೆಯನ್ನಾಗಲಿ ತಾಯಿಯನ್ನಾಗಲಿ ಕೇಳಿರಿ: ಅವರು ಈಗ ಮಾಡುತ್ತಿರುವ ಕೆಲಸಕ್ಕೆ ಸೇರಿದುದು ಹೇಗೆ? ಬಾಲ್ಯದಲ್ಲಿ ಏನಾಗಬೇಕೆಂದು ಬಯಸಿದ್ದರು? ಕೇಳಿದುದನ್ನು ಒಂದು ಪುಟದಲ್ಲಿ ಬರೆಯಿರಿ.